ಎಲ್ಲರಿಗೂ ಒಂದೇ ದೂರ

ಕಳೆದ ತಿಂಗಳು ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರು ಯಾರದೋ ಗೆಲುವಿನ ಮೆರವಣಿಗೆ. ಯಾವ ಚುನಾವಣೆ, ಗೆದ್ದವರು ಯಾರು ಎಂದು ನಾನು ವಿಚಾರಿಸಲಿಲ್ಲ. ಶಿರಾದಿಂದ ಬಂದಿಳಿದವಳು ಕೊರಟಗೆರೆಯ ಬಸ್ಸು ಹಿಡಿಯಬೇಕಿತ್ತು, ಅದಕ್ಕೆ ರಸ್ತೆ ದಾಟಬೇಕಿತ್ತು. ಪೊಲೀಸಿನವನೊಬ್ಬ ಅಡ್ಡಕ್ಕೆ ಹಗ್ಗ ಹಿಡಿದು, "ಹಿಂದಕ್ಕೋಗ್ರಮ್ಮ, ಪಟಾಕಿ ಹಚ್ತಾವ್ರೆ" ಎಂದ. ಹೋದೆ. ಹಗ್ಗದ ಆಚೆ, ಸರಪಟಾಕಿಯಿಂದ ಒಂದು ಮಾರು ದೂರದಲ್ಲಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಗಂಡಸರು ನಗುತ್ತ ನಿಂತಿದ್ದರು. ಅವರಿಗೆ ಯಾರೂ ಹಿಂದಕ್ಕೆ ಹೋಗಿ ಎನ್ನಲಿಲ್ಲ. ಪಟಾಕಿ ಸಿಡಿದು ಮುಗಿದ ಮೇಲೆ ಸುಟ್ಟ ಮದ್ದಿನ ವಾಸನೆ ಬೀದಿ ತುಂಬ ಕೂತಿತು. ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸು, "ಹೊಗೆ ಆಗಲ್ವೇನಮ್ಮ ನಿಮ್ಗೆ?" ಎಂದು ಕೇಳಿದಳು. ಹೂಂ ಎಂದೆ. ಹಗ್ಗದ ವಿಷಯವನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಿಂದಲೇ ಶುರುಮಾಡಬೇಕು. ಕೊಳಾಲದ ಆಚೆಯ ಒಂದು ಪ್ರೌಢಶಾಲೆಯಲ್ಲಿ ನಾನು ಆಗ ವಿಜ್ಞಾನ ಕಲಿಸುತ್ತಿದ್ದೆ. ವಾರವೆಲ್ಲ ಕೊರಟಗೆರೆಯ ಬಾಡಿಗೆ ಮನೆ, ರಜೆ ಬಂದರೆ ಶಿರಾ. ಶಿರಾದಲ್ಲಿ ಅಬ್ಬಾನದು ತಗಡಿನ ಡಬ್ಬ, ಲಾಳಿಕೆ ಮಾಡುವ ಅಂಗಡಿ. ಅಳತೆ ಒಂದು ಎಳೆ ತಪ್ಪಿದರೂ ಮಾಡಿದ ಡಬ್ಬವನ್ನೇ ಬೀದಿಗೆ ಎಸೆಯುವಷ್ಟು ಕೋಪ ಅವರಿಗೆ. ಆ ಕೋಪ ನನಗೂ ಬಂದಿದೆ. "ಜಾನೇ ದೋ ಬೇಟಿ, ಊರಿನವರ ಜೊತೆ ಎಲ್ಲಾ ಗುದ್ದಾಡ್ತೀಯಾ?" ಎಂದು ಅಮ್ಮಿ ಪ್ರತಿ ಸಲ ಬಸ್ಸು ಹತ್ತಿಸುವಾಗಲೂ ಹೇಳುತ್ತಿದ್ದರು. ಹೋಗಲಿ ಬಿಡುವುದು ನನಗೆ ಬರಲೇ ಇಲ್ಲ.

ನಾಲ್ಕು ತಾಲ್ಲೂಕಿನ ಒಂದಷ್ಟು ಜನ ಸೇರಿ ರಾಕೆಟ್ ಹಾರಿಸುವ ಹವ್ಯಾಸಿ ಬಳಗ ಕಟ್ಟಿಕೊಂಡಿದ್ದರು. ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯ ಶಿವಲಿಂಗಪ್ಪನವರು ಅದಕ್ಕೆ ಅಧ್ಯಕ್ಷರು. ರಾಕೆಟ್ ಎಂದ ಕೂಡಲೇ ಜನ, "ದೀಪಾವಳೀದಾ?" ಎಂದು ಕೇಳುತ್ತಿದ್ದರು. ದೀಪಾವಳಿಯದಲ್ಲ. ಮೊಳಕೈ ಉದ್ದದ ರಟ್ಟಿನ ಕೊಳವೆ, ಕೆಳಗೆ ತೆಳು ಮರದ ರೆಕ್ಕೆ, ತಲೆಗೆ ಗಟ್ಟಿ ಮೂತಿ, ಹೊಟ್ಟೆಯೊಳಗೆ ಮಡಿಸಿಟ್ಟ ಪುಟ್ಟ ಪ್ಯಾರಾಚೂಟು. ಪರವಾನಗಿ ಇದ್ದ ಕಡೆಯಿಂದ ತರಿಸಿದ, ಹೆಬ್ಬೆರಳು ಗಾತ್ರದ ಮೋಟಾರು. ನೆಲಕ್ಕೆ ನೆಟ್ಟ ಕಬ್ಬಿಣದ ಸರಳಿಗೆ ಅದನ್ನು ಸಿಕ್ಕಿಸಿ, ದೂರ ನಿಂತು ಗುಂಡಿ ಒತ್ತಿದರೆ ಸುಯ್ಯೆಂದು ಹೋಗುತ್ತದೆ. ಮೇಲೆ ಹೋದ ಮೇಲೆ ಮೋಟಾರಿನಲ್ಲಿ ಉಳಿದ ಚೂರು ಮದ್ದು ಟಪ್ಪೆಂದು ಸಿಡಿದು ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಆಮೇಲೆ ಅದು ಗಾಳಿಯಲ್ಲಿ ತೂಗುತ್ತ ಇಳಿಯುವುದನ್ನು ನೋಡುವುದಿದೆಯಲ್ಲ, ಅದಕ್ಕಾಗಿಯೇ ನಾವೆಲ್ಲ ಭಾನುವಾರದ ನಿದ್ದೆ ಬಿಟ್ಟು ಬಿಸಿಲಲ್ಲಿ ಬೇಯುತ್ತಿದ್ದೆವು.

ನಾನು ಸೇರಿದ ಹೊಸತರಲ್ಲೇ ನನಗೊಂದು ಕೆಲಸ ಅಂಟಿಸಿದರು. ಸುರಕ್ಷತೆಯ ನಿಯಮಗಳನ್ನು ಓದಿ, ಎಲ್ಲರಿಗೂ ಹೇಳಿ, ಹಾರಿಸುವ ಮುಂಚೆ ಸರಿಯಿದೆ ಎನ್ನುವುದು. ಸರಿಯಿಲ್ಲದಿದ್ದರೆ ಬೇಡ ಎನ್ನುವುದು. ಬೇಡ ಎನ್ನಲು ಒಂದು ಜೋರು ಬಾಯಿ ಬೇಕಿತ್ತು, ಅದು ನನಗಿತ್ತು. ಬಳಗದವರು ತಮಾಷೆಗೆ ನನ್ನನ್ನು 'ದೂರದ ಮೇಡಂ' ಎನ್ನುತ್ತಿದ್ದರು.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಹನುಮಂತರಾಯಪ್ಪನವರನ್ನು ಬಳಗಕ್ಕೆ ಎಳೆತಂದವಳು ನಾನೇ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಹಗ್ಗ ಕಟ್ಟುವುದು, ಸೀಟಿ ಊದಿ ಜನರನ್ನು ಒಂದು ಕಡೆ ನಿಲ್ಲಿಸುವುದು ಅವರಿಗೆ ದಿನದ ಕೆಲಸ. ಹೆಚ್ಚು ಮಾತಿಲ್ಲದ ಮನುಷ್ಯ. ಅವರ ಹೆಂಡತಿ ರತ್ನಮ್ಮ ಊರಾಚೆಯ ಕಾಲೋನಿಯಲ್ಲಿ ರವಿಕೆ ಹೊಲಿಯುತ್ತಿದ್ದರು. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಆಕೆ ಆಡುತ್ತಿದ್ದರು. ಮದುವೆ ಕಾಲದಲ್ಲಿ ಸುತ್ತಲ ಊರಿನ ಹೆಣ್ಣುಮಕ್ಕಳು ಆಕೆಯ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಹೊಲಿಸಿಕೊಳ್ಳುವವರಲ್ಲಿ ಕೆಲವರು ಮೆಟ್ಟಿಲ ಮೇಲೆಯೇ ನಿಂತು ಅಳತೆ ಕೊಟ್ಟು ಹೋಗುತ್ತಾರೆ, ಒಳಗೆ ಬಂದು ನೀರು ಕುಡಿಯುವುದಿಲ್ಲ ಎಂದು ಒಂದು ದಿನ ನಗುತ್ತಲೇ ಹೇಳಿದ್ದರು. ನನಗೆ ನಗು ಬಂದಿರಲಿಲ್ಲ.

ಪ್ಯಾರಾಚೂಟು ಹರಿಯುತ್ತವೆ ಎಂದು ನಾನು ಗೊಣಗಿದ್ದನ್ನು ಮೇಷ್ಟ್ರು ಮನೆಯಲ್ಲಿ ಹೇಳಿರಬೇಕು. ರತ್ನಮ್ಮ ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ, ಆರು ಮೂಲೆಗೆ ಕತ್ತರಿಸಿ, ಅಂಚು ಮಡಿಸಿ ಹೊಲಿದು ಕಳಿಸಿದರು. ಎಳೆದು ನೋಡಿದೆ, ಜಗ್ಗಲಿಲ್ಲ. ಅಲ್ಲಿಂದ ಬಳಗದ ಎಲ್ಲ ರಾಕೆಟ್ಟಿಗೂ ರತ್ನಮ್ಮನ ಹೊಲಿಗೆಯೇ. ಆಕೆ ಅದನ್ನು ಛತ್ರಿ ಎನ್ನುತ್ತಿದ್ದರು. ಮಡಿಸುವ ಮೊದಲು ಸ್ವಲ್ಪ ಮುಖದ ಪೌಡರ್ ಉದುರಿಸಬೇಕು, ಇಲ್ಲದಿದ್ದರೆ ಬಟ್ಟೆ ಅಂಟಿಕೊಂಡು ಬಿಚ್ಚುವುದಿಲ್ಲ ಎಂದು ಹೇಳಿಕೊಟ್ಟೆ.

"ಅಯ್ಯೋ, ಮಗೀಗೆ ನೀರುಯ್ದು ಪೌಡ್ರಾಕ್ದಂಗೆ!" ಎಂದು ನಕ್ಕರು. "ಬುಡಿ ಮೇಡಂ, ಇದೊಂದು ನಂಗೆ ಬತ್ತದೆ."

ಆ ವರ್ಷ ಪರೀಕ್ಷೆ ಮುಗಿದು ಬಿಸಿಲು ಏರಿದಾಗ ಶಿವಲಿಂಗಪ್ಪನವರಿಗೆ ಒಂದು ಆಸೆ ಹುಟ್ಟಿತು. ಒಂದೊಂದೇ ಹಾರಿಸಿದರೆ ನೋಡಲು ಕುರಿ ಕಾಯುವವರು ಬಿಟ್ಟರೆ ಯಾರೂ ಬರುವುದಿಲ್ಲ, ನಾಲ್ಕು ತಾಲ್ಲೂಕಿನ ರಾಕೆಟ್ಟುಗಳನ್ನೂ ಸಾಲಾಗಿ ನಿಲ್ಲಿಸಿ ಒಂದೇ ಗುಂಡಿಗೆ ಒಟ್ಟಿಗೆ ಹಾರಿಸೋಣ ಎಂದರು. ಗುಂಡಿ ಒತ್ತಲು ದೊಡ್ಡ ಅತಿಥಿಗಳನ್ನು ಕರೆಸೋಣ, ಊಟ ಹಾಕಿಸೋಣ, ಡ್ರೋನ್ ತರಿಸಿ ವಿಡಿಯೋ ಮಾಡಿಸೋಣ ಎಂದರು. ಎಲ್ಲರೂ ಕುಣಿದರು. ನಾನೂ ಕುಣಿದೆ ಎನ್ನಿ. ಹಾಗೆ ಹಾರಿಸಬಾರದೆಂದು ನಿಯಮವೇನೂ ಇಲ್ಲ. ಆದರೆ ದೂರ ಬೇರೆಯಾಗುತ್ತದೆ.

ಅದನ್ನು ನಾನು ಕೊರಟಗೆರೆಯ ಹೋಟೆಲೊಂದರಲ್ಲಿ, ದೋಸೆ ತಟ್ಟೆಗಳ ನಡುವೆ ಬಳಗಕ್ಕೆ ಬಿಡಿಸಿ ಹೇಳಿದೆ. ಸಣ್ಣ ಮೋಟಾರಿನ ರಾಕೆಟ್ ಒಂದೇ ಹಾರುವಾಗ ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಇರುವಷ್ಟು ದೂರ ನಿಂತರೆ ಸಾಕು. ಹತ್ತಕ್ಕಿಂತ ಹೆಚ್ಚು ರಾಕೆಟ್ ಒಟ್ಟಿಗೆ ಹೋಗುವಾಗ, ಅವುಗಳಲ್ಲಿ ಅತಿ ಎತ್ತರಕ್ಕೆ ಹೋಗುವುದು ಎಷ್ಟು ಎತ್ತರ ಹೋಗುತ್ತದೋ ಅದರ ಒಂದೂವರೆಯಷ್ಟು ದೂರ ಎಲ್ಲರೂ ನಿಲ್ಲಬೇಕು. ನಮ್ಮ ಲೆಕ್ಕಕ್ಕೆ ಅದು ಒಂದು ಫರ್ಲಾಂಗಿಗಿಂತ ಹೆಚ್ಚೇ ಆಗುತ್ತಿತ್ತು. ಯಾಕೆ ಎಂದು ಕೇಳಿದರು. ಒಂದು ಹಾರಿದರೆ ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ, ವಾಲಿದರೆ ಓಡಬಹುದು. ಅಷ್ಟೊಂದು ಒಟ್ಟಿಗೆ ಹಾರಿದರೆ ಕಣ್ಣು ಯಾವುದರ ಹಿಂದೆ ಹೋಗುತ್ತದೋ ಹೇಳಲಾಗದು, ನಮ್ಮ ಕಡೆಗೇ ಬರುತ್ತಿರುವುದನ್ನು ಯಾರೂ ನೋಡಿರುವುದಿಲ್ಲ ಎಂದೆ. ಶಿವಲಿಂಗಪ್ಪನವರು ದೋಸೆ ಮುರಿಯುತ್ತ, "ಆಯ್ತು ಮೇಡಂ, ನೀವೆಂಗೇಳ್ತೀರೋ ಅಂಗೇ" ಎಂದರು. ಆ ಮಾತನ್ನು ನಾನು ನಂಬಿದೆ.

ಜಾಗಕ್ಕೆ ಮೊದಲು ಪಾವಗಡದ ರಾಯಚರ್ಲು ಕಡೆ ಯೋಚನೆ ಹೋಗಿತ್ತು. ಅಲ್ಲಿಂದ ಬರುತ್ತಿದ್ದ ಓಬುಳೇಸು ಕೈಮುಗಿದುಬಿಟ್ಟ. "ವದ್ದು ಮೇಡಂ. ಅಕ್ಕಡ ಎತ್ತ ನೋಡಿದ್ರೂ ಸೋಲಾರ್ ಗಾಜು. ಒಂದು ಬಿದ್ರೆ ಸಾಕು, ನಮ್ಮ ಪನಿ ಐಪೋಯಿಂದಿ, ಮುಗೀತು ನಮ್ಮ ಕತೆ." ಗಾಜಿಗೆ ಏಟು ಬೀಳಬಾರದು ಎಂಬುದು ಯಾರಿಗೂ ಎರಡು ಸಲ ಹೇಳದೆ ಅರ್ಥವಾಯಿತು. ಕೊನೆಗೆ ನಮ್ಮ ಶಾಲೆಯಿಂದ ಆಚೆ, ನೀರು ಬತ್ತಿ ಬಿರಿದಿದ್ದ ಒಂದು ಕೆರೆಯ ಅಂಗಳ ನಿಗದಿಯಾಯಿತು. ಸುತ್ತ ಜಾಲಿ, ನಡುವೆ ಬಯಲು.

ಹಗ್ಗ ಹಿಡಿಯುವ ಕೆಲಸ ಹನುಮಂತರಾಯಪ್ಪನವರದು ಎಂದು ನಾನಾಗಿ ತೀರ್ಮಾನಿಸಿಬಿಟ್ಟಿದ್ದೆ. ಸ್ಟಾಫ್‌ ರೂಮಿನಲ್ಲಿ ಅದನ್ನು ಹೇಳಿದಾಗ ಅವರು ಟೀ ಲೋಟ ಕೆಳಗಿಟ್ಟರು.

"ಮೇಡಂ, ಒಂದು ಮಾತು. ನಮ್ ಕಾಲೋನಿಯೋರೂ ಬತ್ತಾರೆ. ರತ್ನ ಹೊಲ್ದಿರೋದು ಅಂತ ಎಲ್ರಿಗೂ ಗೊತ್ತು. ಅವ್ರಿಗೆ ನಾನು ದೂರ ನಿಲ್ರಿ ಅನ್ಬೇಕು."

"ಎಲ್ಲರಿಗೂ ಅನ್ನಬೇಕು ಮೇಷ್ಟ್ರೇ."

"ಅದೇ ಕೇಳ್ತಿರೋದು. ದೂರ ನಿಲ್ಲು ಅನ್ನೋ ಮಾತು ನಮ್ಗೇನು ಹೊಸದಲ್ಲ. ನಮ್ಮಜ್ಜಿ ಕಾಲದಿಂದ ಕೇಳಿದೀವಿ. ಎಲ್ರಿಗೂ ಒಂದೇ ದೂರ ಆದ್ರೆ ನಾನು ಹಗ್ಗ ಹಿಡೀತೀನಿ. ಒಬ್ರಿಗೊಂದು ಒಬ್ರಿಗೊಂದು ಆದ್ರೆ ನನ್ ಕೈಲಿ ಆಗಲ್ಲ."

ಎಲ್ಲರಿಗೂ ಒಂದೇ ದೂರ ಎಂದು ಮಾತು ಕೊಟ್ಟೆ. ರಾಕೆಟ್ಟಿಗೆ ಯಾರ ಮನೆ ಎಲ್ಲಿದೆ ಎಂದು ಗೊತ್ತಿಲ್ಲವಲ್ಲ ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ, ಲೋಟ ತೊಳೆದಿಟ್ಟು ಗಂಟೆ ಹೊಡೆಸಲು ಹೋದರು. ಅದೇ ಮಾತನ್ನು ರತ್ನಮ್ಮ ಕಾಲೋನಿಗೆಲ್ಲ ಹೇಳಿಕೊಂಡು ಬಂದರಂತೆ. ಇದು ಆ ಥರದ ದೂರ ಅಲ್ಲ, ಸಾಹುಕಾರ್ರೂ ನಮ್ಮ ಪಕ್ಕದಲ್ಲೇ ಕೂರ್ತಾರೆ, ಮೇಡಂ ಹೇಳಿದ್ದಾರೆ ಎಂದು.

ಅಂದು ಬೆಳಗಿನಿಂದಲೇ ಬಿಸಿಲು ಚುರುಗುಟ್ಟುತ್ತಿತ್ತು. ಕೆರೆಯಂಗಳದ ಮಣ್ಣು ಹೆಂಟೆಹೆಂಟೆಯಾಗಿ ಬಿರಿದು ಚಪ್ಪಲಿ ಸಿಕ್ಕಿಕೊಳ್ಳುತ್ತಿತ್ತು. ನಡುವೆ ಸರಳುಗಳ ಸಾಲು, ಅದಕ್ಕೆ ರಾಕೆಟ್ಟುಗಳು. ಅಲ್ಲಿಂದ ಟೇಪು ಹಿಡಿದು ಅಳೆದು ಮೇಷ್ಟ್ರು ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಮೇಲೆ ಹಗ್ಗ, ಹಗ್ಗದ ಹಿಂದೆ ಶಾಮಿಯಾನ, ಅದರಡಿಯಲ್ಲಿ ಒಂದೇ ಸಾಲಿಗೆ ಅತಿಥಿಗಳ ಸೋಫಾ ಮತ್ತು ಜನರ ಪ್ಲಾಸ್ಟಿಕ್ ಕುರ್ಚಿ. ಗುಂಡಿಯ ಪೆಟ್ಟಿಗೆಗೆ ಅಲ್ಲಿಯವರೆಗೂ ವೈರು ಎಳೆಸಿದ್ದೆ. ಹೊಳವನಹಳ್ಳಿ ಕಡೆಯಿಂದೆಲ್ಲ ಜನ ಬೈಕಿನಲ್ಲಿ ಬಂದಿಳಿದರು. ರತ್ನಮ್ಮ ಗಿಳಿಹಸಿರು ಸೀರೆ ಉಟ್ಟು, ತಾನೇ ಹೊಲಿದ ಹೊಸ ರವಿಕೆ ತೊಟ್ಟು, ಕಾಲೋನಿಯ ಹೆಂಗಸರನ್ನು ಕರೆತಂದು ಕೂರಿಸಿದರು. ಮದುವೆಮನೆಯ ಬೀಗಿತ್ತಿಯ ಗತ್ತು ಇತ್ತು ಆಕೆಯ ನಡಿಗೆಯಲ್ಲಿ. ಆ ಗಂಟೆಯವರೆಗೆ ನಾನು ಆ ಊರಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಇದು ಎಂದು ನನಗೇ ಅನ್ನಿಸಿತ್ತು.

ಅತಿಥಿಗಳ ಕಾರುಗಳು ಬಂದವು. ಇಳಿದವರು ಕೈ ಹುಬ್ಬಿಗೆ ಇಟ್ಟುಕೊಂಡು, "ಎಲ್ಲಪ್ಪಾ ರಾಕೆಟ್ಟು?" ಎಂದು ಕೇಳಿದರು. ಅಷ್ಟು ದೂರದಿಂದ ಅವು ಕಡ್ಡಿ ನೆಟ್ಟ ಹಾಗೆ ಕಾಣುತ್ತಿದ್ದವು. ಅವರಲ್ಲೊಬ್ಬರು ಸೋಫಾದ ಪಕ್ಕದ ಕುರ್ಚಿಗಳಲ್ಲಿ ಕೂತವರನ್ನು ಒಮ್ಮೆ ನೋಡಿ, ಶಿವಲಿಂಗಪ್ಪನವರ ಕಿವಿಯಲ್ಲಿ ಏನೋ ಹೇಳಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಶಿವಲಿಂಗಪ್ಪನವರ ಮುಖ ಕೆಂಪಾಯಿತು. ನಾಲ್ಕು ಹುಡುಗರನ್ನು ಕೂಗಿ ಸೋಫಾ ಎತ್ತಿಸಿದರು. ಹಗ್ಗದ ಕೆಳಗೆ ನುಸುಳಿಸಿ, ಸುಣ್ಣದ ಗೆರೆ ದಾಟಿಸಿ, ರಾಕೆಟ್ಟುಗಳ ಕಡೆಗೆ ಹೊರಿಸಿಕೊಂಡು ಹೋದರು. ಗುಂಡಿಯ ಪೆಟ್ಟಿಗೆಯೂ ಸೋಫಾದ ಹಿಂದೆಯೇ ಹೊರಟಿತು.

ನಾನು ಓಡಿದೆ. "ಶಿವಲಿಂಗಪ್ಪನವರೇ, ಇಳಿಸಿ. ಅಲ್ಲಿ ಯಾರೂ ಕೂರುವ ಹಾಗಿಲ್ಲ."

"ಮೇಡಂ, ಮರ್ವಾದೆ ಅಂತ ಒಂದಿದೆ. ಅಷ್ಟು ದೊಡ್ಡೋರ್ನ ಕರೆಸಿ ಹೊಲದ ಬದೂನಲ್ಲಿ ಕೂರ್ಸಕ್ಕಾಯ್ತದಾ?"

"ನಿಯಮದಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ."

"ನಿಯಮ ಜನಕ್ಕೆ ಮೇಡಂ. ಇವ್ರು ಗೆಸ್ಟು."

ಹಾಗಾದರೆ ಹಾರಿಸುವುದು ಬೇಡ, ನಾನು ಸರಿಯಿದೆ ಎನ್ನುವುದಿಲ್ಲ ಎಂದು ಕಿರುಚಿದೆ. ಕಿರುಚಿದೆ ಎಂದೇ ಬರೆಯುತ್ತಿದ್ದೇನೆ, ಯಾಕೆಂದರೆ ಅತಿಥಿಗಳು ತಿರುಗಿ ನೋಡಿದರು. ಶಿವಲಿಂಗಪ್ಪನವರು ಮೈಕು ತೆಗೆದುಕೊಂಡು, ನಗುತ್ತ, ಇಡೀ ಕೆರೆಗೆ ಕೇಳುವಂತೆ ಹೇಳಿದರು: "ನಮ್ಮ ಮೇಡಮ್ಮೋರಿಗೆ ಬಿಸ್ಲು ತಲೆಗೇರೈತೆ, ಯಾರಾದ್ರೂ ಒಂದ್ಲೋಟ ನೀರು ಕೊಡ್ರಪ್ಪಾ." ಜನ ನಕ್ಕರು. ಗುಂಡಿಯ ಪೆಟ್ಟಿಗೆ ಚಾಲೂ ಮಾಡುವ ಕೀಲಿ ಅವರ ಜೇಬಿನಲ್ಲೇ ಇತ್ತು. ಬಳಗದವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಓಬುಳೇಸು ತಲೆ ತಗ್ಗಿಸಿದ. ದೋಸೆ ತಿಂದು ತಲೆಯಾಡಿಸಿದ್ದ ಮಿಕ್ಕವರು ಆಕಾಶದಲ್ಲಿ ಡ್ರೋನ್ ಹುಡುಕುತ್ತಿದ್ದರು.

ಹಿಂದೆ ತಿರುಗಿದಾಗ ಕಾಲೋನಿಯ ಹೆಂಗಸರು ಎದ್ದು ನಿಂತಿದ್ದರು. ಅವರಲ್ಲೊಬ್ಬ ಮುದುಕಿ, ಗಂಗವ್ವ ಅಂತ, ಸೊಂಟಕ್ಕೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡ್ದೇನೇ ರತ್ನಿ, ನಿಮ್ಮ ಮೇಡಮ್ಮನ ದೂರವಾ? ಅವ್ರಿಗೊಂದು, ನಮ್ಗೊಂದು. ನಾನಾಗ್ಲೇ ಅಂದಿದ್ನಿಲ್ವಾ?"

ರತ್ನಮ್ಮ ನನ್ನತ್ತ ಒಮ್ಮೆ ನೋಡಿದರು. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹಗ್ಗದ ಕಡೆ ನಡೆದರು. ಅಲ್ಲಿ ಹಗ್ಗ ಹಿಡಿದು ನಿಂತಿದ್ದವರು ಗಂಡ.

ಹನುಮಂತರಾಯಪ್ಪನವರು ಹೆಂಡತಿಯನ್ನು ನೋಡಿದರು, ಸೋಫಾಗಳನ್ನು ನೋಡಿದರು, ನನ್ನನ್ನು ನೋಡಿದರು. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ನಿಧಾನವಾಗಿ ಹಗ್ಗವನ್ನು ನೆಲಕ್ಕೆ ಬಿಟ್ಟರು. ರತ್ನಮ್ಮ ಸೀರೆಯ ನೆರಿಗೆ ಎತ್ತಿ ಹಗ್ಗ ದಾಟಿದರು.

ನಾನು ಆ ಬಿರುಕು ನೆಲದ ಮೇಲೆ ಎಡವುತ್ತ ಅವರ ಹಿಂದೆ ಓಡಿದೆ. ಆಕೆ ಸೋಫಾಗಳ ಸಾಲಿಗೆ ಸರಿಯಾಗಿ, ಸ್ವಲ್ಪ ಬದಿಗೆ, ಕುರ್ಚಿ ಇಟ್ಟು ಸೆರಗು ಸರಿಮಾಡಿಕೊಂಡು ಕೂತರು. ಅತಿಥಿಯೊಬ್ಬರು ಕಾಲು ಮಡಚಿಕೊಂಡರು.

"ರತ್ನಮ್ಮ, ದಮ್ಮಯ್ಯ, ಏಳಿ. ಅವರು ಮಾಡಿರೋದು ತಪ್ಪು. ನೀವೂ ಮಾಡಬೇಡಿ."

"ತಪ್ಪಾದ್ರೆ ಮೊದ್ಲು ಅವ್ರನ್ನೆಬ್ಬಿಸಿ ಮೇಡಂ. ಆಮೇಲೆ ನನ್ನ ಎಬ್ಬಿಸೀರಂತೆ."

ನಾನು ಅತಿಥಿಗಳ ಕಡೆ ತಿರುಗಿದೆ, ಏಳಿ ಎಂದೆ. ಅಷ್ಟರಲ್ಲಿ ಮೈಕಿನಲ್ಲಿ ಎಣಿಕೆ ಶುರುವಾಗಿತ್ತು. ಜನ ಒಕ್ಕೊರಲಿನಿಂದ ಜೊತೆಗೆ ಎಣಿಸುತ್ತಿದ್ದರು. ನನ್ನ ಮಾತು ನನಗೇ ಕೇಳಿಸಲಿಲ್ಲ.

ಚೆನ್ನಾಗಿತ್ತು. ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಚೆನ್ನಾಗಿತ್ತು. ಅಷ್ಟೂ ರಾಕೆಟ್ಟುಗಳು ಬಿಳಿ ಹೊಗೆ ಬಿಟ್ಟುಕೊಂಡು ಒಂದೇ ಉಸಿರಿಗೆ ಎದ್ದವು. ಎಲ್ಲರ ತಲೆಯೂ ಮೇಲೆ, ಎಲ್ಲರ ಫೋನೂ ಮೇಲೆ. ಸಾಲಿನ ಕೊನೆಯ ಸರಳು, ಬಿರುಕಿನ ಮಣ್ಣಲ್ಲಿ ನೆಟ್ಟಿದ್ದು, ಪಕ್ಕದ್ದರ ರಭಸಕ್ಕೆ ವಾಲಿಬಿಟ್ಟಿತ್ತು. ಅದರ ರಾಕೆಟ್ ಮೇಲಕ್ಕೆ ಹೋಗದೆ ನೆಲದಿಂದ ಎದೆಮಟ್ಟದಲ್ಲಿ ನಮ್ಮ ಕಡೆ ಬಂತು. ನಾನು ಅದನ್ನು ನೋಡಲಿಲ್ಲ. ಸದ್ದು ಮಾತ್ರ ನನ್ನ ಪಕ್ಕದಲ್ಲಿ ಹಾದುಹೋಯಿತು. ಕುರ್ಚಿ ಉರುಳಿದ ಸದ್ದಿಗೆ ತಿರುಗಿದೆ.

ರತ್ನಮ್ಮ ಮಗ್ಗುಲಾಗಿ ಬಿದ್ದಿದ್ದರು. ಎರಡೂ ಕೈ ಮುಖದ ಮೇಲೆ. ಪಕ್ಕದಲ್ಲಿ ಮುರಿದ ರಟ್ಟಿನ ಕೊಳವೆ ಹೊಗೆಯಾಡುತ್ತಿತ್ತು. ನಾನು ಮಂಡಿಯೂರಿ ಕೂರುವಷ್ಟರಲ್ಲಿ ಅದರೊಳಗಿನ ಮದ್ದು ತನ್ನ ಹೊತ್ತಿಗೆ ಸರಿಯಾಗಿ ಟಪ್ಪೆಂದಿತು. ಛತ್ರಿ ಹೊರಗೆ ಬಂದು, ಬಿಚ್ಚಿಕೊಂಡು, ಪೌಡರಿನ ಘಮದೊಂದಿಗೆ ನೆಲದ ಮೇಲೆ ಹರಡಿತು. ಆರು ಮೂಲೆ, ಮಡಿಸಿ ಹೊಲಿದ ಅಂಚು. ಸೋಫಾದವರು ಇನ್ನೂ ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

ಕೆರೆಯಂಗಳದಿಂದ ಏರಿಗೆ ಹತ್ತಲು ಒಂದೇ ದಾರಿ. ಗಲಾಟೆ ಎದ್ದ ಕೂಡಲೇ ಅತಿಥಿಗಳ ಕಾರುಗಳು ಸಾಲಾಗಿ ಅದರ ಮೇಲೆ ಹೊರಟವು. ಓಬುಳೇಸು ತನ್ನ ಗೂಡ್ಸ್ ಆಟೋದಲ್ಲಿ ರತ್ನಮ್ಮನನ್ನು ಮಲಗಿಸಿಕೊಂಡು, ಹಾರ್ನ್ ಒತ್ತುತ್ತ, ತೆಲುಗಿನಲ್ಲಿ ಬೈಯುತ್ತ, ಆ ಕಾರುಗಳ ಧೂಳಿನ ಹಿಂದೆ ಕಾದ. ಮೇಷ್ಟ್ರು ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದರು. ಸೀಟಿ ಇನ್ನೂ ಅವರ ಕೊರಳಲ್ಲಿ ತೂಗುತ್ತಿತ್ತು. ರತ್ನಮ್ಮನ ಎಡಗಣ್ಣು ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಅಧಿಕಾರಿಗಳು ಫ್ಯಾನಿನ ಕೆಳಗೆ ಕೂತು ಬರೆದುಕೊಂಡರು. ನಾನು ದೂರದ ನಿಯಮವನ್ನು ಮೊದಲಿಂದ ಹೇಳಿದೆ, ಸೋಫಾ ಎತ್ತಿದ್ದನ್ನು ಹೇಳಿದೆ, ಡ್ರೋನಿನ ವಿಡಿಯೋ ನೋಡಿ ಎಂದೆ. ವಿಡಿಯೋದಲ್ಲಿ ಸೋಫಾ ಎತ್ತಿ ಒಯ್ದ ಭಾಗ ಇರಲಿಲ್ಲ. ಕೊನೆಗೆ ತೀರ್ಮಾನ ಹೀಗೆ ಬಂತು: ಸುರಕ್ಷತೆಗಾಗಿ ಕಟ್ಟಿದ್ದ ಹಗ್ಗವನ್ನು ಸಾರ್ವಜನಿಕರು ದಾಟಿ ಬಂದದ್ದರಿಂದ ಅವಘಡವಾಯಿತು. ಸೋಫಾದ ಮೇಲಿದ್ದವರು ಸಾರ್ವಜನಿಕರಲ್ಲವಂತೆ. ಹಗ್ಗ ಬಿಟ್ಟದ್ದಕ್ಕೆ ಹನುಮಂತರಾಯಪ್ಪನವರಿಗೆ ಶಿಸ್ತುಕ್ರಮ. ನನ್ನನ್ನು ಪಾವಗಡದ ಗಡಿಯ ಒಂದು ಶಾಲೆಗೆ ಎತ್ತಿಹಾಕಿದರು. ಹೊರಗೆ ವರಾಂಡಾದಲ್ಲಿ ಯಾರೋ, "ಅವ್ರ ಜನಕ್ಕೆ ಮದ್ದುಗುಂಡು ಹೊಸದೇನ್ಲಾ?" ಎಂದು ನಕ್ಕದ್ದು ಕೇಳಿಸಿತು. ಅಬ್ಬಾ ಜೀವಮಾನವೆಲ್ಲ ಲಾಳಿಕೆ ಮಾಡಿದವರು. ತಿರುಗಿ ಹೋಗಿ ಯಾರು ಅಂದಿದ್ದು ಎಂದು ಕೇಳಿದೆ. ಯಾರೂ ಅಂದಿರಲಿಲ್ಲ.

ಬಳಗ ಮುರಿಯಿತು. ಶಿವಲಿಂಗಪ್ಪನವರ ಅಂಗಡಿಯ ಗೋಡೆಯ ಮೇಲೆ ಆ ದಿನದ ಫೋಟೋ ಈಗಲೂ ಇದೆ ಎಂದು ಕೇಳಿದ್ದೇನೆ. ಬಿಳಿ ಹೊಗೆಯ ಕಂಬಗಳು, ಕೆಳಗೆ ಸೋಫಾ, ಎಲ್ಲರ ಮುಖದಲ್ಲೂ ಸಂತೋಷ. ನಾನು ಅದನ್ನು ನೋಡಲು ಹೋಗಿಲ್ಲ, ಹೋದರೆ ಗಾಜು ಉಳಿಯುವುದಿಲ್ಲ.

ಕಳೆದ ತಿಂಗಳು ನಾನು ಹೊರಟಿದ್ದು ರತ್ನಮ್ಮನ ಮನೆಗೇ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹೋಗಿ ಬರುತ್ತೇನೆ. ಈ ಸಲ ಏರಿಯ ಮೇಲೆ ಬಸ್ಸು ಹೋಗುವಾಗ ಕೆರೆಯಲ್ಲಿ ನೀರಿತ್ತು. ಕಾಲುವೆಯ ನೀರು ಬಿಟ್ಟಿದ್ದಾರಂತೆ. ನಮ್ಮ ಸುಣ್ಣದ ಗೆರೆ ಎಲ್ಲಿತ್ತೋ ಅಲ್ಲಿ ಕೊಕ್ಕರೆ ನಿಂತಿತ್ತು. ಬಸ್ಸಿನ ಕಿಟಕಿಯಿಂದ ಎಲ್ಲರೂ ಚೆನ್ನಾಗಿದೆ ಎಂದರು.

ಮೇಷ್ಟ್ರು ಮನೆಯಲ್ಲಿರಲಿಲ್ಲ, ಹೊಲದ ಕಡೆ ಹೋಗಿದ್ದರು. ಶಾಲೆಯ ಕ್ರೀಡಾಕೂಟಕ್ಕೆ ಗೆರೆ ಎಳೆಯುತ್ತಾರಂತೆ, ಹಗ್ಗ ಮಾತ್ರ ಮುಟ್ಟುವುದಿಲ್ಲವಂತೆ. ರತ್ನಮ್ಮ ಮಷೀನಿನ ಮುಂದೆ ಕೂತಿದ್ದರು. ನನ್ನ ಸದ್ದು ಕೇಳಿ ಇಡೀ ಮುಖ ತಿರುಗಿಸಿ ನೋಡಿದರು, ಎಡಗಡೆ ಕಾಣುವುದಿಲ್ಲವಲ್ಲ. ನೀರು ತಂದು ಕೊಡುವಾಗ ಲೋಟ ನನ್ನ ಕೈಗೆ ಸೇರದೆ ಎರಡು ಬೆರಳು ಆಚೆಗೆ ಬಂತು, ನಾನೇ ಹಿಡಿದುಕೊಂಡೆ.

"ಒಂದೇ ಕಣ್ಣಾದ್ಮೇಲೆ ಯಾವ್ದು ಹತ್ರ ಯಾವ್ದು ದೂರ ಗೊತ್ತಾಗಲ್ಲ ಕಣಮ್ಮ. ಸೂಜಿಗೆ ದಾರ ಪೋಣ್ಸಕ್ಕೆ ಪಕ್ಕದ್ಮನೆ ಹುಡ್ಗೀನ ಕರೀತೀನಿ. ರವಿಕೆ ಹೊಲ್ಸೋರು ಕಮ್ಮಿಯಾದ್ರು. ಬರೀ ಸೀರೆ ಫಾಲ್ಸು, ದಿಂಬಿನ ಕವರು."

ದಾರ ಪೋಣಿಸಿಕೊಟ್ಟೆ. ಹೊಲಿಗೆ ಸ್ವಲ್ಪ ಓರೆಯಾಗಿ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿದರು. ಹಳೆಯ ಮಾತು ನಾವು ಯಾವತ್ತೂ ಆಡಿರಲಿಲ್ಲ. ಅಂದು ಯಾಕೋ ಆಕೆಯೇ ಎತ್ತಿದರು.

"ಮೇಡಂ, ಅವತ್ತು ನನ್ ಛತ್ರಿಗಳೆಲ್ಲ ಬಿಚ್ಕಂಡ್ವಾ? ನಾನು ನೋಡ್ಲೇ ಇಲ್ಲ. ಇವ್ರನ್ನ ಕೇಳಿದ್ರೆ ಸುಮ್ಕಾಗೋಯ್ತಾರೆ."

ಎಲ್ಲವೂ ಬಿಚ್ಚಿಕೊಂಡವು, ಒಂದೂ ಕೈಕೊಡಲಿಲ್ಲ ಎಂದೆ. ಅದು ಸುಳ್ಳಲ್ಲ. ಆಕೆಗೆ ಸಂತೋಷವಾಯಿತು. ಮಷೀನಿನ ಪೆಡಲು ಎರಡು ಸುತ್ತು ತುಳಿದು ನಿಲ್ಲಿಸಿದರು.

"ಹಗ್ಗ ದಾಟಿದ್ದು ನಿನ್ದೇ ತಪ್ಪು ಅಂತ ಈಗ್ಲೂ ಅಂತಾರೆ. ನಮ್ ಕಾಲೋನಿಯೋರೇ ಅಂತಾರೆ, ಗಂಗವ್ವನೂ ಅಂತಾಳೆ."

"ನಿಮ್ಮದಲ್ಲ ರತ್ನಮ್ಮ."

"ನಂದಲ್ಲ ಅಂತ ನಂಗೊತ್ತಿಲ್ವಾ?" ಆಕೆ ಇಡೀ ಮುಖ ನನ್ನ ಕಡೆ ತಿರುಗಿಸಿದರು. "ಒಂದ್ಮಾತು ಹೇಳ್ತೀನಿ ಕೇಳಿ ಮೇಡಂ. ನಾಳೆ ಇನ್ನೊಂದು ಕೆರೇಲಿ ಇನ್ನೊಂದ್ಸಲ ಅಂಗೇ ಸೋಫಾ ಎತ್ಕಂಡೋದ್ರೆ, ಇರೋ ಈ ಕಣ್ಣಲ್ಲಿ ನೋಡ್ಕಂಡು, ನಾನು ಕುರ್ಚಿ ಎತ್ಕಂಡೇ ಬತ್ತೀನಿ."

ನಾಲ್ಕು ತಾಲ್ಲೂಕಿಗೆ ದೂರದ ಪಾಠ ಹೇಳಿದವಳು ನಾನು. ಬರಬೇಡಿ ಎನ್ನಬೇಕಿತ್ತು. ಸೂಜಿಯಿಂದ ದಾರ ಮತ್ತೆ ಕಳಚಿಕೊಂಡಿತ್ತು. ಪೋಣಿಸಿಕೊಟ್ಟು ಪಕ್ಕದಲ್ಲೇ ಕೂತೆ.